ಹುಬ್ಬಿನ ಸಾಕ್ಷ್ಯ

ಅಕ್ಟೋಬರ್ 7, ಸೋಮವಾರ

ಮಾತಾಡಬಾರದು ಎಂದರು ಡಾಕ್ಟರ್ ಹೆಚಾನೋವಾ. ಬರೆಯಬಾರದು ಎನ್ನಲಿಲ್ಲ. ಅದಕ್ಕೇ ಈ ಪುಸ್ತಕ.

ಗಂಟಲೊಳಗೆ ಧ್ವನಿ ಹುಟ್ಟುವ ಜಾಗದಲ್ಲಿ ಬೆಳೆದಿದ್ದ ಗಂಟೊಂದನ್ನು ಹೋದ ವಾರ ಕತ್ತರಿಸಿ ತೆಗೆದರು. ಕೆಟ್ಟ ಗಂಟಲ್ಲವಂತೆ, ವರ್ಷಗಟ್ಟಲೆ ಕಿರುಚಿ ಬಂದದ್ದಂತೆ. "ಪಿಸುಮಾತು ಕೂಡ ಬೇಡ ಫಿಸ್ಕಲ್. ಅದು ಇನ್ನೂ ಕೆಟ್ಟದ್ದು. ನಾನು ಹೂಂ ಅನ್ನೋವರೆಗೂ ಒಂದೇ ಒಂದು ಮಾತಾಡಿದ್ರೂ ಆ ಹಳೇ ಧ್ವನಿ ಮತ್ತೆ ನಿಮ್ಮದಲ್ಲ" ಎಂದರು. ಇನ್ನೊಬ್ಬರನ್ನು ಹೆದರಿಸುವುದು ನನ್ನ ಕಸುಬು. ಈ ಮನುಷ್ಯ ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾನೆ.

ಸರ್ಕಾರದ ಪರವಾಗಿ ಕೊಲೆ, ಕಳವು, ಬೆಂಕಿ ಇಟ್ಟ ಮೊಕದ್ದಮೆಗಳನ್ನು ನಡೆಸುವ ಫಿಸ್ಕಲ್ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಇಲೋಯಿಲೋ ಊರು ನನ್ನನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಮೀನಿನವಳಿಗೂ ನಾನು ಫಿಸ್ಕಲ್, ಪಾದ್ರಿಗೂ ಫಿಸ್ಕಲ್. ಆಗಿನ ಕೋರ್ಟಿನಲ್ಲಿ ಮೇಲೆ ಕಟಕಟ ಎನ್ನುವ ಫ್ಯಾನು, ಕೆಳಗೆ ರಸ್ತೆಯಲ್ಲಿ ಟ್ರೈಸಿಕಲ್‌ಗಳ ಗಲಾಟೆ. ಶೀಘ್ರಲಿಪಿಯವಳಿಗೆ ಕೇಳಬೇಕೆಂದರೆ ಕೂಗಲೇಬೇಕಿತ್ತು. ನನ್ನ ಧ್ವನಿ ಎದುರಿನ ಬಾಚೋಯ್ ಅಂಗಡಿಗೂ ಮುಟ್ಟುತ್ತಿತ್ತು. ಅಲ್ಲಿ ನೂಡಲ್ ಸೂಪು ಹೀರುತ್ತಲೇ ಜನ ತೀರ್ಪು ಕೊಟ್ಟುಬಿಡುತ್ತಿದ್ದರು.

ನನ್ನ ಮೌನದಿಂದ ಸುಖವಾಗಿರುವವಳು ಒಬ್ಬಳೇ, ಅಕ್ಕ ಲುದಿಂಗ್. ನಮ್ಮ ಮಾತಿನಲ್ಲಿ ಅಕ್ಕನಿಗೆ ಮಾನಾಂಗ್ ಎನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಮದುವೆಯಾಗದವಳ ಮನೆಗೆ ಯಜಮಾನಿಯಾಗಿ ಬಂದವಳು.

"ಹುಟ್ಟಿದಾಗಿನಿಂದ ಇದೇ ಮೊದಲು ಕಣೆ ಪೆಮಿಂಗ್, ನನ್ನ ಮಾತು ಮುಗಿಯೋವರೆಗೂ ನೀನು ಬಾಯಿ ಹಾಕಿಲ್ಲ" ಎಂದಳು. ಮಾರ್ಕೆಟ್ಟಿನಿಂದ ನನಗೊಂದು ಪುಟ್ಟ ಬಿಳಿ ಬೋರ್ಡು ತಂದುಕೊಟ್ಟು ಕರಾರು ಹಾಕಿದಳು. "ಧ್ವನಿ ಬಂದ ದಿನ ಮೊದಲ ಮಾತು ನನಗೇ ಆಡ್ಬೇಕು. ಮಾನಾಂಗ್, ನಿನ್ನ ಅಡುಗೆ ಚೆನ್ನಾಗಿದೆ ಅಂತ."

'ಸುಳ್ಳು ಸಾಕ್ಷ್ಯ ಹೇಳಲಾರೆ' ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಅಕ್ಟೋಬರ್ 10, ಗುರುವಾರ

ನಾನೀಗ ಪಾಠ ಮಾಡುವ ಲಾ ಕಾಲೇಜಿನ ಡೀನ್ ಸಾಲ್ಸೆದೋ ಮನೆಗೆ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ. ತಲೆ ನರೆತಿದೆ, ಆದರೂ ನನ್ನ ಎದುರು ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. ಸಾಕ್ಷ್ಯ ಕಾನೂನಿನ ತರಗತಿಯನ್ನು ಸೆಮಿಸ್ಟರ್ ಮುಗಿಯುವವರೆಗೆ ಬೇರೆ ಯಾರಿಗಾದರೂ ಕೊಡೋಣ ಎಂದ.

ಬೋರ್ಡಿನಲ್ಲಿ ಬರೆದೆ: ಇಲ್ಲ.

"ಮಾತಿಲ್ಲದೆ ರೆಸಿಟೇಶನ್ ಹೇಗೆ ಮೇಡಂ?"

ಪ್ರಶ್ನೆ ಸರಿಯಾದದ್ದೇ. ನಮ್ಮ ಲಾ ಕಾಲೇಜುಗಳಲ್ಲಿ ಪಾಠವೆಂದರೆ ರೆಸಿಟೇಶನ್. ವಿದ್ಯಾರ್ಥಿಗಳ ಹೆಸರು, ಫೋಟೋ ಇರುವ ಕಾರ್ಡುಗಳನ್ನು ಇಸ್ಪೀಟಿನಂತೆ ಕಲಸಿ ಒಂದನ್ನು ಎಳೆಯುತ್ತೇನೆ. ಯಾರ ಕಾರ್ಡು ಬಂತೋ ಅವರು ಎದ್ದು ನಿಲ್ಲಬೇಕು, ನಾನು 'ಕೂತ್ಕೊ' ಎನ್ನುವವರೆಗೆ ನಿಂತೇ ಇರಬೇಕು. ತಪ್ಪು ದಾರಿ ಹಿಡಿದರೆಂದು ತಿಳಿದ ಕ್ಷಣವೇ ಕೂರಿಸಿ ಕಾರ್ಡಿಗೆ ಕೆಂಪು ಗೆರೆ ಎಳೆಯುತ್ತೇನೆ. ನನ್ನ ತರಗತಿಯಲ್ಲಿ ಮೂರನೆಯ ವಾಕ್ಯ ದಾಟಿದವರು ಅಪರೂಪ. ಇದಕ್ಕೆ ನನ್ನನ್ನು ಬೈಯುತ್ತಾರೆ, ಆಮೇಲೆ ವಕೀಲರಾಗಿ ನಮಸ್ಕಾರ ಮಾಡುತ್ತಾರೆ.

ಪ್ರಶ್ನೆಗಳನ್ನು ನಾನು ಬರೆದು ಕೊಡುವುದು, ಗೆಲ್ವೆಸೋನ್ ಓದುವುದು ಎಂದು ತೀರ್ಮಾನವಾಯಿತು. ಗೆಲ್ವೆಸೋನ್ ಹಗಲು ರೇಡಿಯೋ ನಾಟಕಗಳಲ್ಲಿ ಖಳನಾಯಕ, ಸಂಜೆ ನನ್ನ ವಿದ್ಯಾರ್ಥಿ.

ಏಳುವಾಗ ಡೀನ್, ತಾರೋಸಾ ಎಂಬ ವಿದ್ಯಾರ್ಥಿನಿಯ ಮಾತೆತ್ತಿದ. ಹೋದ ವರ್ಷ ಈ ವಿಷಯದಲ್ಲಿ ಅವಳನ್ನು ಫೇಲು ಮಾಡಿದವಳು ನಾನೇ. ಇನ್ನೊಮ್ಮೆ ಫೇಲಾದರೆ ಕಾಲೇಜಿನ ನಿಯಮದಂತೆ ಹೊರಗೆ. "ಒಳ್ಳೆ ಹುಡುಗಿ ಮೇಡಂ. ಬರವಣಿಗೆಯಲ್ಲಿ ಅವಳನ್ನ ಮೀರಿಸೋರಿಲ್ಲ. ಎದ್ದು ನಿಂತ್ರೆ ಮಾತ್ರ..."

'ವಕೀಲರು ಎದ್ದು ನಿಂತೇ ಮಾತಾಡುವುದು' ಎಂದು ಬರೆದೆ. ಅವನು ಹೋದ.

ಅಕ್ಟೋಬರ್ 14, ಸೋಮವಾರ

ಮೊದಲ ಮೂಕ ತರಗತಿ.

ಮೇಜಿನ ಮೇಲೆ ಯಾರೋ ಶುಂಠಿ ಕಷಾಯದ ಫ್ಲಾಸ್ಕ್ ಇಟ್ಟಿದ್ದರು. ಗೇಟಿನ ಕಾವಲುಗಾರನಿಗೆ ಕಳಿಸಿದೆ. ಫಿಸ್ಕಲ್ ಆದ ದಿನದಿಂದ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಂಡಿಲ್ಲ. ಕ್ರಿಸ್‌ಮಸ್ಸಿಗೆ ಬಂದ ಹ್ಯಾಮುಗಳು ಬಂದ ಜೀಪಿನಲ್ಲೇ ಹಿಂದಕ್ಕೆ ಹೋದವು. ಮದುವೆಗಳಲ್ಲಿ ಧರ್ಮತಾಯಿಯಾಗಿ ನಿಲ್ಲಿ ಎಂದು ಕರೆದರೂ ನಿಲ್ಲಲಿಲ್ಲ. ಇವತ್ತಿನ ಧರ್ಮಪುತ್ರ ನಾಳೆ ಆರೋಪಿಯಾಗಿ ಎದುರು ಬಂದರೆ? ನನ್ನ ಮನೆಯ ಗೇಟು ಜೈಲಿನ ಗೇಟಿಗಿಂತ ಬಿಗಿ ಎಂದು ಲುದಿಂಗ್ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಗೆಲ್ವೆಸೋನ್ 'ಕೇಳಿಕೆಯ ಸಾಕ್ಷ್ಯ ಎಂದರೇನು?' ಎಂಬ ಬಡಪಾಯಿ ಪ್ರಶ್ನೆಯನ್ನು ಹೆಂಡತಿಗೆ ವಿಷ ಹಾಕುವವನ ಧಾಟಿಯಲ್ಲಿ ಓದಿದ. ತರಗತಿಯೆಲ್ಲ ನಕ್ಕಿತು. ನಾನು ಮೇಜು ಕುಟ್ಟಿದೆ.

ಒಂದು ಸಂಗತಿ ಗಮನಿಸಿದೆ. ಮಧ್ಯೆ ಬಾಯಿ ಹಾಕಲು ಆಗುವುದಿಲ್ಲವಾದ್ದರಿಂದ ಎದ್ದು ನಿಂತವರು ಮಾತಾಡುತ್ತಲೇ ಹೋಗುತ್ತಾರೆ. ನನ್ನ ಮುಖ ನೋಡುತ್ತಾರೆ, ಹೆದರುತ್ತಾರೆ, ಇನ್ನಷ್ಟು ಮಾತಾಡುತ್ತಾರೆ, ತಮ್ಮ ಗುಂಡಿ ತಾವೇ ತೋಡಿಕೊಳ್ಳುತ್ತಾರೆ. ಮೌನ ಇಷ್ಟು ಒಳ್ಳೆಯ ಆಯುಧವೆಂದು ಕೋರ್ಟಿನಲ್ಲಿ ನನಗೆ ಹೊಳೆಯಲೇ ಇಲ್ಲ.

ತಾರೋಸಾಳ ಕಾರ್ಡು ಬಂತು. ಹಗಲು ಯಾವುದೋ ಶಾಲೆಯಲ್ಲಿ ಒಂದನೇ ತರಗತಿಯ ಮೇಡಂ ಅಂತೆ. ಲಂಗದ ತುಂಬ ಚಾಕ್ ಪುಡಿ. ಕಾಲೇಜಿಗೆ ಬರುವಾಗ ಒಮ್ಮೆ ಕೊಡವಿಕೊಂಡು ಬರಬಾರದೇ? ಎದ್ದು ನಿಂತಳು, ಬಾಯಿ ತೆರೆದಳು, ಮುಚ್ಚಿದಳು. ಇಬ್ಬರು ಮೂಕಿಯರು ಎದುರೆದುರು. ಮೇಜು ತಟ್ಟಿ ಕೂರಿಸಿ ಕೆಂಪು ಗೆರೆ ಎಳೆದೆ.

ಅಕ್ಟೋಬರ್ 24, ಗುರುವಾರ

ಬೋರ್ಡಿನಲ್ಲಿ ಬರೆಯುವಷ್ಟರಲ್ಲಿ ಮೀನಿನವಳು ಮುಂದಿನ ಮನೆಗೆ ಹೋಗಿರುತ್ತಾಳೆ. ಇವತ್ತು "ಬಂಗೂಸ್ ಬೇಕಾ ಫಿಸ್ಕಲ್?" ಎಂದು ಕೂಗಿದಾಗ ಅರಿವಿಲ್ಲದೆ ಹುಬ್ಬು ಮೇಲೆತ್ತಿದೆ.

"ಅಯ್ಯೋ, ನೋಡ್ರೇ! ಫಿಸ್ಕಲ್ಲೂ ನಮ್ಮ ಹಾಗೇ ಹುಬ್ಬು ಹಾರಿಸ್ತಾರೆ!" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದಳು.

ಹೌದು ಎನ್ನುವುದಕ್ಕೆ ಈ ಊರಿನಲ್ಲಿ ಯಾರು ಬಾಯಿ ನೋಯಿಸಿಕೊಳ್ಳುತ್ತಾರೆ? ಹುಬ್ಬು ಒಂದಿಷ್ಟು ಎತ್ತಿದರೆ ಮುಗಿಯಿತು. ಬಸ್ಸಿನಲ್ಲಿ, ಚರ್ಚಿನಲ್ಲಿ, ಮದುವೆ ಮಾತುಕತೆಯಲ್ಲಿ ಅದೇ. ನಾನೊಬ್ಬಳೇ ಬಿಟ್ಟಿದ್ದೆ. ಫಿಸ್ಕಲ್ ಕಚೇರಿಗೆ ಸೇರಿದ ಮೊದಲ ದಿನ ಹಿರಿಯರೊಬ್ಬರು ಕೂರಿಸಿಕೊಂಡು ಹೇಳಿದ್ದರು: "ಸಾಕ್ಷಿ ನಿನ್ನ ಮುಖ ನೋಡಿ ಉತ್ತರ ಹೇಳಬಾರದು. ಮುಖ ಮನೇಲಿಟ್ಟು ಬಾ." ಇಟ್ಟು ಬಂದೆ. ಸಂಜೆ ಮನೆಗೆ ಹೋಗಿ ಹಾಕಿಕೊಳ್ಳುವುದು ಮರೆತುಹೋಯಿತು ಎನ್ನುತ್ತಾಳೆ ಲುದಿಂಗ್.

ಈಗ ಊಟ ಬೇಕಾ, ದೀಪ ಆರಿಸಲಾ, ಕಿಟಕಿ ಹಾಕಲಾ, ಎಲ್ಲಕ್ಕೂ ಹುಬ್ಬೇ. ಹಣೆ ನೋಯುತ್ತಿದೆ.

ನವೆಂಬರ್ 2, ಶನಿವಾರ

ನಿನ್ನೆ ಸತ್ತವರನ್ನು ನೆನೆಯುವ ಹಬ್ಬ, ಹಗಲೆಲ್ಲ ಸ್ಮಶಾನದಲ್ಲಿದ್ದೆವು. ಅಪ್ಪ ಅಮ್ಮನ ಸಮಾಧಿ ತೊಳೆದು, ಮೇಣದ ಬತ್ತಿ ಹಚ್ಚಿ, ಅಲ್ಲೇ ಚಾಪೆ ಹಾಸಿ ಊಟ. ಅಕ್ಕಪಕ್ಕದ ಸಮಾಧಿಯವರು ರೇಡಿಯೋ ಹಚ್ಚಿಕೊಂಡು ಕೂತಿದ್ದರು. ಎಲ್ಲರೂ ತಮ್ಮ ಸತ್ತವರಿಗೆ ವರ್ಷದ ಸುದ್ದಿ ಹೇಳುತ್ತಿದ್ದರು. ಲುದಿಂಗ್ ಅಪ್ಪನಿಗೆ ನನ್ನ ಮೇಲೆ ಉದ್ದನೆಯ ದೂರು ಕೊಟ್ಟಳು. ನಾನೂ ಅಪ್ಪನೂ ಸುಮ್ಮನೆ ಕೇಳಿದೆವು.

ಈ ಗಂಟಲು ಅಪ್ಪನದು. ಪವಿತ್ರ ವಾರದಲ್ಲಿ ಯೇಸುವಿನ ಯಾತನೆಯ ಪದಗಳನ್ನು ಹಾಡಲು ಕೂತರೆ ಬೆಳಗಾಗುವವರೆಗೆ ಏಳುತ್ತಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಪದ ಮರೆತರೆ ಹೇಳಿಕೊಡುತ್ತಿರಲಿಲ್ಲ, ನೆನಪಾಗುವವರೆಗೆ ತಾಳ ಹಾಕುತ್ತಾ ಕೂರುತ್ತಿದ್ದರು. ಇದು ನನಗೆ ಎಷ್ಟೋ ವರ್ಷಗಳಿಂದ ನೆನಪೇ ಬಂದಿರಲಿಲ್ಲ. ಧ್ವನಿ ಹೋದರೆ ನನ್ನಲ್ಲಿ ಅವರದೆಂಬುದು ಏನೂ ಉಳಿಯುವುದಿಲ್ಲವಲ್ಲ ಎನಿಸಿ ಭಯವಾಯಿತು. ಬತ್ತಿಯ ಹೊಗೆ ಎಂದು ಕಣ್ಣು ಒರೆಸಿಕೊಂಡೆ.

ನವೆಂಬರ್ 7, ಗುರುವಾರ

ಇವತ್ತು ನಾನು ಅಪರಾಧಿ.

ಮರಣಪೂರ್ವ ಹೇಳಿಕೆಯ ಪಾಠ. ಸತ್ತವನ ಮಾತು ಕೋರ್ಟಿಗೆ ಬರುವ ಒಂದು ಬಾಗಿಲು ಅದು. ಸಾಯುತ್ತಿದ್ದೇನೆಂದು ಬಲ್ಲವನು ತನ್ನ ಸಾವಿನ ಬಗ್ಗೆ ಹೇಳಿದ್ದು ಸಾಕ್ಷ್ಯವಾಗುತ್ತದೆ. ನನ್ನ ಸ್ಥಿತಿಯೇ ಸೂಚಿಸಿದ ಪ್ರಶ್ನೆ ಬರೆದುಕೊಟ್ಟೆ: ಇರಿತಕ್ಕೆ ಒಳಗಾದವನು ಮಾತಾಡಲಾರ. 'ಇರಿದದ್ದು ಬೆರ್ತೋನಾ?' ಎಂದು ಹೆಂಡತಿ ಕೇಳುತ್ತಾಳೆ. ಅವನು ಹುಬ್ಬು ಎತ್ತಿ ಪ್ರಾಣ ಬಿಡುತ್ತಾನೆ. ಹುಬ್ಬು ಸಾಕ್ಷ್ಯವೇ?

ಗೆಲ್ವೆಸೋನ್ ಓದಿದ ರೀತಿಗೆ ಬೆರ್ತೋನೇ ಬಂದು ತಪ್ಪೊಪ್ಪಿಕೊಳ್ಳಬೇಕಿತ್ತು.

ಬಂದದ್ದು ತಾರೋಸಾಳ ಕಾರ್ಡು. ನಿಂತಳು. ಬಹಳ ಹೊತ್ತಿನ ಮೇಲೆ "ಹೇಳಿಕೆ ಅಂದ್ರೆ... ಬಾಯಿಂದಲೇ ಬರಬೇಕು ಅಂತಿಲ್ಲ ಮೇಡಂ..." ಎಂದು ನಿಂತುಬಿಟ್ಟಳು. ನನ್ನನ್ನೇ ನೋಡಿದಳು.

ನನ್ನ ಹುಬ್ಬು ಮೇಲೆ ಹೋಯಿತು.

ನಾನು ಎತ್ತಲಿಲ್ಲ, ಅದೇ ಹೋಯಿತು. ಮೀನಿನವಳ ಜೊತೆ, ಅಕ್ಕನ ಜೊತೆ ಇಷ್ಟು ದಿನ ಆಡಿ ಆಡಿ ಬಂದ ಚಾಳಿ. ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ತಾರೋಸಾಳ ಮುಖಕ್ಕೆ ಬಣ್ಣ ಬಂತು. ಆಮೇಲೆ ಆ ಹುಡುಗಿ ನಿಲ್ಲಲೇ ಇಲ್ಲ! ಸನ್ನೆಯೂ ಹೇಳಿಕೆಯೇ ಎಂದಳು, ಸಾವು ಹತ್ತಿರವಿದೆಯೆಂದು ಅವನಿಗೆ ಗೊತ್ತಿತ್ತೆಂಬುದನ್ನು ಗಾಯದ ಆಳದಿಂದ ತೋರಿಸಬಹುದೆಂದಳು, ಹೆಂಡತಿಯ ಪ್ರಶ್ನೆಯಲ್ಲೇ ಉತ್ತರ ಇತ್ತಲ್ಲ ಎಂದು ಎದುರು ವಕೀಲ ತಕರಾರು ತೆಗೆದರೆ ಏನು ಹೇಳಬೇಕೆಂದೂ ಹೇಳಿದಳು. ಪುಸ್ತಕದಲ್ಲಿ ಕೂಡ ಇಷ್ಟು ಚೊಕ್ಕವಾಗಿಲ್ಲ. ನನಗೆ ಸಂತೋಷವಾಯಿತು. ಬರೆದಿಡಲೇಬೇಕು, ನನಗೆ ನಿಜಕ್ಕೂ ಸಂತೋಷವಾಯಿತು.

ಮನೆಗೆ ಬರುವ ದಾರಿಯಲ್ಲಿ ಬುದ್ಧಿ ಬಂತು. ಸಾಕ್ಷಿಗೆ ಉತ್ತರ ಸೂಚಿಸುವುದು ನಮ್ಮ ಕಸುಬಿನಲ್ಲಿ ದೊಡ್ಡ ತಪ್ಪು. ಬೇರೆ ವಕೀಲರು ಹಾಗೆ ಮಾಡಿದಾಗಲೆಲ್ಲ ಮೇಜು ಗುದ್ದಿ ಎದ್ದವಳು ನಾನು. ಇವತ್ತು ತುಂಬಿದ ತರಗತಿಯಲ್ಲಿ ಹುಬ್ಬಿನಿಂದ ಮಾಡಿದೆ. ಉಳಿದವರಿಗೆ ಹುಬ್ಬಿಲ್ಲ, ಅವಳೊಬ್ಬಳಿಗೆ ಹುಬ್ಬು, ಇದು ಯಾವ ನ್ಯಾಯ?

ನವೆಂಬರ್ 11, ಸೋಮವಾರ

ಲುದಿಂಗ್‌ಳ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ತರಗತಿಗೆ ಹೋದೆ. ಹುಬ್ಬು ಪೂರ್ತಿ ಮುಚ್ಚುತ್ತದೆ.

"ಮೇಡಂ, ಕಣ್ಣಿಗೂ ಆಪರೇಶನ್ನಾ?" ಎಂದ ಗೆಲ್ವೆಸೋನ್. ಮನೆಯಲ್ಲಿ ಲುದಿಂಗ್ ಆಗಲೇ ಕೇಳಿದ್ದಳು, "ಯಾರ ಮನೆ ದೋಚೋಕೆ ಹೊರಟೆ?" ಅಂತ.

ಎಲ್ಲರೂ ನನ್ನ ಹಣೆಯನ್ನೇ ಹುಡುಕುತ್ತಿದ್ದರು. ಏನೂ ಸಿಗಲಿಲ್ಲ. ತಾರೋಸಾ ಎದ್ದು ನಿಂತಳು, ಕಪ್ಪು ಗಾಜು ನೋಡಿದಳು, ಮತ್ತೆ ಕಲ್ಲಾದಳು. ಕೆಂಪು ಗೆರೆ.

ಇನ್ನು ಉಳಿದಿರುವುದು ಕೊನೆಯ ಮೌಖಿಕ ಪರೀಕ್ಷೆ. ಅಲ್ಲಿ ಬಿದ್ದರೆ ಹೊರಗೆ. ನಾನು ಮಾಡಿದ್ದು ಸರಿಯಾದದ್ದೇ. ಆದರೂ ಊಟ ಸೇರಲಿಲ್ಲ.

ನವೆಂಬರ್ 14, ಗುರುವಾರ

ಇವತ್ತು ತರಗತಿ ಇರಲಿಲ್ಲ. ಸಂಜೆ ತಾರೋಸಾ ಗೇಟಿನ ಹತ್ತಿರ ಬಂದಳು, ಕೈಯಲ್ಲಿ ಅದೇ ಫ್ಲಾಸ್ಕ್. ಅಂದರೆ ಶುಂಠಿ ಕಷಾಯ ಇವಳದೇ. ಗೇಟು ತೆಗೆಯದೆ, ಕಂಬಿಯ ಈಚೆಯಿಂದಲೇ ಬೋರ್ಡು ಎತ್ತಿ ಹಿಡಿದೆ: ಏನು?

"ಒಂದು ಮಾತು ಕೇಳ್ಬೇಕಿತ್ತು ಮೇಡಂ. ಆ ಕನ್ನಡಕ ತೆಗೀತೀರಾ? ಹುಬ್ಬು ಎತ್ತೋದು ಬೇಡ. ನಾನು ಅದಕ್ಕೆ ಬಂದಿಲ್ಲ. ಮುಖ ಕಾಣ್ಲಿ, ಅಷ್ಟು ಸಾಕು. ಗಾಜಿಗೆ ಹೇಗೆ ಉತ್ತರ ಹೇಳ್ಲಿ?"

'ಜಡ್ಜುಗಳು ಮುಖ ತೋರಿಸುವುದಿಲ್ಲ' ಎಂದು ಬರೆದೆ.

ಓದಿದಳು. ತಲೆ ತಗ್ಗಿಸಿ ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. "ನಮ್ಮ ಒಂದನೇ ಕ್ಲಾಸಿನ ಮಕ್ಕಳು ಕೂಡ ನನ್ನ ಹಾಗೇ ಮೇಡಂ. ಎದ್ದು ನಿಲ್ತಾವೆ, ಸುಮ್ಮನಾಗ್ತಾವೆ. ಗೊತ್ತಿಲ್ಲ ಅಂತಲ್ಲ. ಉತ್ತರ ದಾರೀಲಿರುತ್ತೆ. ನಾನು ಸ್ವಲ್ಪ ಕಾಯ್ತೀನಿ, ಬರುತ್ತೆ." ಇಷ್ಟನ್ನು ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಹೇಳಿದಳು. ನಾನು ಏನೋ ಬರೆಯಲು ಹೋದೆ, ಪೆನ್ನು ಒಣಗಿತ್ತು.

ಫ್ಲಾಸ್ಕನ್ನು ಅವಳ ಕೈಯಲ್ಲೇ ಕಳಿಸಿದೆ. ಲುದಿಂಗ್ ಜಗುಲಿಯಿಂದ ಎಲ್ಲ ನೋಡಿದ್ದಳು. "ಶುಂಠಿ ನೀರಿನ ಮೇಲೂ ಕೇಸು ಹಾಕ್ತೀಯೇನೆ ನೀನು?" ಎಂದು ಗೊಣಗುತ್ತ ಒಳಗೆ ಹೋಗಿ ತಾನೇ ಶುಂಠಿ ಜಜ್ಜಲು ಕೂತಳು.

ನವೆಂಬರ್ 21, ಗುರುವಾರ

ಕನ್ನಡಕ ತೆಗೆದಿಟ್ಟೆ. ಮೂಗಿನ ಮೇಲೆ ಗಾಯವಾಗುತ್ತಿತ್ತು.

ಹುಬ್ಬನ್ನು ಹತೋಟಿಯಲ್ಲಿಟ್ಟುಕೊಂಡಿದ್ದೆ. ಯಾರಿಗೂ ಏನೂ ಸಿಗಲಿಲ್ಲ. ಆದರೆ ಇವತ್ತು ಮೇಜನ್ನೂ ತಟ್ಟಲಿಲ್ಲ. ಒಬ್ಬೊಬ್ಬರು ನಿಂತು ಮುಗಿಸುವವರೆಗೆ ಕಾದೆ. ಬೇರೇನು ಮಾಡಲಿ, ಮಾತಿಲ್ಲವಲ್ಲ. ಹಿಂದೆ ಎರಡು ಪುಟದ ಪಾಠ ಮುಗಿಯುತ್ತಿದ್ದ ಹೊತ್ತಿನಲ್ಲಿ ಅರ್ಧ ಪುಟ ಆಯಿತು. ಕೆಂಪು ಪೆನ್ನು ಎಲ್ಲೋ ಬಿದ್ದುಹೋಗಿದೆ, ಹುಡುಕಬೇಕು.

ರೊಸೆಲ್ ತಾರೋಸಾಳ ಕಾರ್ಡು ಬರಲಿಲ್ಲ. ಅವಳ ಶಾಲೆಯಲ್ಲಿ ಎರಡು ಪಾಳಿಯಂತೆ, ಮಧ್ಯಾಹ್ನದ ಪಾಳಿ ಮುಗಿಸಿ ಬಾಡಿಗೆ ಜೀಪಿನಲ್ಲಿ ನೇತಾಡಿಕೊಂಡು ಬರುತ್ತಾಳಂತೆ. ಚಾಕ್ ಪುಡಿ ಕೊಡವಿಕೊಳ್ಳಲು ಪುರಸೊತ್ತೆಲ್ಲಿ?

ನವೆಂಬರ್ 25, ಸೋಮವಾರ

ಗಾಯ ಚೆನ್ನಾಗಿ ಮಾಗಿದೆ ಎಂದರು ಡಾಕ್ಟರ್. ಡಿಸೆಂಬರ್ ಒಂಬತ್ತಕ್ಕೆ ಬಂದು ಅವರ ಎದುರೇ ಮೊದಲ ಮಾತಾಡಬೇಕು. "ಅಲ್ಲಿವರೆಗೆ ಕಾದ್ರೆ ಹಳೇ ಫಿಸ್ಕಲ್ ಧ್ವನಿ ವಾಪಸ್ ಬರುತ್ತೆ. ಮುಂಚೆ ಬಾಯಿಬಿಟ್ರೆ ಹಳೇ ಗೇಟಿನ ಧ್ವನಿ. ಆಯ್ಕೆ ನಿಮ್ಮದು."

ಮೊದಲ ಮಾತು ಯಾವುದೆಂದು ಯೋಚಿಸುತ್ತಿದ್ದೇನೆ. ಲುದಿಂಗ್‌ಗೆ ಅದು ಸಲ್ಲಬೇಕೆಂದು ಕರಾರಿದೆ. ಆದರೆ ಒಳಗೆ ಇನ್ನೊಂದು ಕಾಯುತ್ತಿದೆ. ಪ್ರತಿ ವಿಚಾರಣೆಯ ಆರಂಭದಲ್ಲಿ ಎದ್ದು ನಿಂತು ಹೇಳುತ್ತಿದ್ದದ್ದು: 'ಸರ್ಕಾರ ಸಿದ್ಧವಿದೆ, ಮಹಾಸ್ವಾಮಿ.' ಅದನ್ನು ಹೇಳಿದಾಗ ಇಡೀ ಕೋರ್ಟು ನೆಟ್ಟಗೆ ಕೂರುತ್ತಿತ್ತು. ಆ ಧ್ವನಿ ನನಗೆ ಬೇಕು. ಬಹಳ ಬೇಕು.

ಡಿಸೆಂಬರ್ 5, ಗುರುವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೌಖಿಕ ಪರೀಕ್ಷೆಗೆ ಮೂವರು ಪರೀಕ್ಷಕರು: ಡೀನ್, ನಾನು, ನಿವೃತ್ತ ಜಡ್ಜ್ ಮೊನ್ಸೆರಾತ್. ಎಷ್ಟೋ ಮೊಕದ್ದಮೆ ಅವರ ಮುಂದೆಯೇ ನಡೆಸಿದ್ದೇನೆ. 'ಕೂತ್ಕೊ' ಎನ್ನುವ ಕಲೆಯನ್ನು ಅವರಿಂದಲೇ ಕಲಿತದ್ದು. ನಾನು ಮೊದಲೇ ಡೀನ್‌ಗೆ ಬರೆದು ಕೊಟ್ಟಿದ್ದೆ, ತಾರೋಸಾಳಿಗೆ ನಾನು ಪ್ರಶ್ನೆ ಕೇಳುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ, ನವೆಂಬರ್ ಏಳರಂದು ನನ್ನಿಂದ ತಪ್ಪಾಗಿದೆ ಎಂದು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಒಪ್ಪಿದ.

ಅವಳು ಕೊನೆಯವಳು. ಬಂದು ನಿಂತಳು. ಎಲ್ಲರಿಗೂ ದಣಿವಾಗಿತ್ತು. ಕಾಫಿ ತರಿಸಲಾ ಎಂದು ಡೀನ್ ಜಡ್ಜನ್ನು ಕೇಳಿದ. ಕಾಫಿ ಬಂತು. ಜಡ್ಜ್ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟು, ನನ್ನ ಪ್ರಶ್ನೆಗಳ ಕಟ್ಟಿನಿಂದಲೇ ಒಂದನ್ನು ಎಳೆದರು. ಹುಬ್ಬಿನ ಪ್ರಶ್ನೆ!

ಮೊದಲ ಭಾಗ ಸರಾಗವಾಗಿ ಹೇಳಿದಳು. ನಾನು ತಲೆ ತಗ್ಗಿಸಿ ಮೇಜು ನೋಡುತ್ತಿದ್ದೆ. ಆಗ ಜಡ್ಜ್ ತಮ್ಮದೇ ಒಂದು ಕೊಕ್ಕೆ ಹಾಕಿದರು.

"ಹುಬ್ಬು ನೋವಿಗೂ ಏಳುತ್ತಮ್ಮ, ಗಾಬರಿಗೂ ಏಳುತ್ತೆ. ಅದು 'ಹೌದು' ಅಂತಲೇ ಆಗಿತ್ತು ಅಂತ ಕೋರ್ಟಿಗೆ ಹೇಗೆ ರುಜುವಾತು ಮಾಡ್ತೀಯ? ಸತ್ತವನನ್ನ ಕರೆಸ್ತೀಯಾ?"

ಡೀನ್ ನಕ್ಕ. ಅವಳು ಸುಮ್ಮನಾದಳು.

ಆ ಮೌನ ನನಗೆ ಗೊತ್ತು. ಬೇರೆಯವರ ಮೌನದಂತಲ್ಲ ಅದು. ಅವಳು ಕೋಣೆಯನ್ನೆಲ್ಲ ನೋಡುತ್ತಿದ್ದಳು, ಮೂವರ ಮುಖ, ಮೇಜು, ಮೇಜಿನ ಮೇಲಿದ್ದದ್ದು. ಜಡ್ಜ್ ಪೆನ್ಸಿಲ್ ಕೈಗೆತ್ತಿಕೊಂಡರು. "ಸಾಕಮ್ಮ, ಕೂತ್ಕೊ" ಎಂದರು. ಅವಳು ಕೂರಲು ಕುರ್ಚಿಯತ್ತ ಕೈ ಚಾಚಿದಳು.

"ಆಕ್ಷೇಪಣೆ."

ಯಾರ ಧ್ವನಿ ಎಂದು ನಾ‌ನೂ ತಿರುಗಿ ನೋಡಿದೆ. ತುಕ್ಕು ಹಿಡಿದ ಗೇಟಿನದು.

ಜಡ್ಜ್ ಪೆನ್ಸಿಲ್ ಹಿಡಿದ ಕೈ ಹಾಗೇ ನಿಂತಿತು. ಡೀನ್ ಎದ್ದೇ ನಿಂತ. "ಮೇಡಂ, ಬೇಡ ಮೇಡಂ, ಡಾಕ್ಟರು..."

"ಉತ್ತರ ಮುಗಿದಿಲ್ಲ" ಎಂದೆ.

"ಮುಗಿಯೋದೇನು ಫಿಸ್ಕಲ್, ಆಕೆ ಶುರುವೇ ಮಾಡಿಲ್ವಲ್ಲ!" ಎಂದರು ಜಡ್ಜ್.

"ದಾರೀಲಿದೆ."

ಗಂಟಲಲ್ಲಿ ಕಾದ ತಂತಿ ಎಳೆದಂತಾಯಿತು. ಜಡ್ಜ್ ನನ್ನನ್ನು ಒಂದು ಕ್ಷಣ ನೋಡಿ ಪೆನ್ಸಿಲ್ ಕೆಳಗಿಟ್ಟರು. ಇಷ್ಟು ವರ್ಷ ನನ್ನ ಬಾಯಿಂದ ಆಕ್ಷೇಪಣೆ ಕೇಳಿದವರು. ಕಟಕಟೆಯಲ್ಲಿ ನಿಂತವರ ಪರವಾಗಿ ಒಂದೂ ಕೇಳಿರಲಿಲ್ಲ. ನಾನು ಮತ್ತೆ ಮೇಜು ನೋಡುತ್ತ ಕೂತೆ. ಅವಳಿಗೆ ನನ್ನಿಂದ ಏನೂ ಸಿಗಲಿಲ್ಲ, ಇದು ಪ್ರಮಾಣ ಮಾಡಿ ಬರೆಯುವ ಮಾತು.

"ರುಜುವಾತು ಬೇಕಾಗಲ್ಲ ಸರ್" ಎಂದಳು ಕೊನೆಗೆ. "ಎಲ್ಲರಿಗೂ ಗೊತ್ತಿರೋ ಸಂಗತೀನ ಕೋರ್ಟು ಸಾಕ್ಷಿ ಇಲ್ಲದೇನೇ ತಾನಾಗಿ ಗಮನಕ್ಕೆ ತಗೋಬಹುದು. ಪ್ರಶ್ನೆ ಕೇಳಿದ ತಕ್ಷಣ ಎದ್ದ ಹುಬ್ಬು ಈ ಊರಲ್ಲಿ 'ಹೌದು' ಅಂತಲೇ. ಅದು ಈ ಕೋರ್ಟಿಗೂ ಗೊತ್ತು."

"ನನಗೆ ಗೊತ್ತು ಅಂತ ನಿನಗೆ ಯಾರು ಹೇಳಿದ್ರು?"

"ಆಗ್ಲೇ ಡೀನ್ ಸರ್ ಕಾಫಿ ತರಿಸ್ಲಾ ಅಂತ ಕೇಳಿದ್ರು ಸರ್. ನೀವು ಬಾಯೇ ಬಿಡಲಿಲ್ಲ. ಕಾಫಿ ಬಂತು."

ಜಡ್ಜ್ ಕಪ್ಪನ್ನು ನೋಡಿದರು, ಅದನ್ನು ಮೊದಲ ಸಲ ನೋಡುವವರಂತೆ. ಆಮೇಲೆ ನಗಲು ಶುರು ಮಾಡಿದವರು ಕಣ್ಣೀರು ಒರೆಸಿಕೊಳ್ಳುವವರೆಗೆ ನಕ್ಕರು. ಸಾಕ್ಷ್ಯವನ್ನು ಪೂರ್ತಿ ಕುಡಿದು ಮುಗಿಸಿ, "ಈಗ ಕೂತ್ಕೊಳ್ಳಿ ಅಟಾರ್ನಿ" ಎಂದರು. ಇನ್ನೂ ವಕೀಲಳಾಗದವಳನ್ನು ಅಟಾರ್ನಿ ಎಂದರು!

ಅವಳು ಪಾಸು. ನಾನು ಮಾಡಿದ್ದು ಸಹಾಯವಲ್ಲ. ಉತ್ತರ ಮುಗಿಯದೆ ಸಾಕ್ಷಿಯನ್ನು ಇಳಿಸಬಾರದು, ಅದು ನಿಯಮ. ನಿಯಮ ಹೇಳಿದೆ ಅಷ್ಟೇ.

ಡಿಸೆಂಬರ್ 6, ಶುಕ್ರವಾರ

ಗಂಟಲು ಊದಿದೆ. ಡಾಕ್ಟರ್ ದೀಪ ಹಾಕಿ ನೋಡಿ, ದೀಪ ಆರಿಸಿ, ತುಂಬ ಹೊತ್ತು ಸುಮ್ಮನಿದ್ದರು. ಅವರಿಗೂ ಮೌನ ಚೆನ್ನಾಗಿ ಬರುತ್ತದೆ. "ಇನ್ನು ನಾಲ್ಕು ದಿನ ಇತ್ತಲ್ಲ ಫಿಸ್ಕಲ್" ಎಂದರು. ಮಾತು ಬರುತ್ತದಂತೆ. ಆ ಹಳೆಯ ಧ್ವನಿ ಬರುವುದಿಲ್ಲವಂತೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅಪ್ಪ ಕೊಟ್ಟದ್ದನ್ನು ಕಾಪಾಡಿಕೊಳ್ಳಲಿಲ್ಲ ಎಂದು ದುಃಖವಾಯಿತು. ಆಮೇಲೆ ಅವರು ತಾಳ ಹಾಕುತ್ತ ಕಾಯುತ್ತಿದ್ದದ್ದು ನೆನಪಾಯಿತು. ಅಷ್ಟರಲ್ಲಿ ಜೀಪು ಬಂತು.

ಲುದಿಂಗ್ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮೊದಲ ಮಾತು ತನಗೆ ಬರಬೇಕಿತ್ತು, ಯಾರೋ ಹೊರಗಿನವಳಿಗೆ ಹೋಯಿತು ಎಂದು. ಮನೆಯಲ್ಲಿ ಈಗ ಇಬ್ಬರು ಮೂಕಿಯರು.

ಡಿಸೆಂಬರ್ 9, ಸೋಮವಾರ

ಕಡಿಮೆ ಮಾತಾಡಬಹುದೆಂದು ಅಪ್ಪಣೆಯಾಯಿತು. ಮನೆಗೆ ಬಂದು ನೆಟ್ಟಗೆ ಅಡುಗೆಮನೆಗೆ ಹೋದೆ. ಲುದಿಂಗ್ ಹಲಸಿನಕಾಯಿ, ಹಂದಿ ಮಾಂಸದ ಸಾರು ಕುದಿಸುತ್ತಿದ್ದಳು, ತಿರುಗಿ ನೋಡಲಿಲ್ಲ.

"ಮಾನಾಂಗ್, ನಿನ್ನ ಅಡುಗೆ ಚೆನ್ನಾಗಿದೆ" ಎಂದೆ. ಕಪ್ಪೆಯೊಂದು ಹೇಳಿದಂತಿತ್ತು.

"ಸುಳ್ಳು ಸಾಕ್ಷ್ಯ" ಎಂದಳು, ಸೌಟು ಬಿಡದೆ. ಬೆನ್ನು ಮಾತ್ರ ಅಲುಗುತ್ತಿತ್ತು. ಅಳುತ್ತಿದ್ದಳು.

ಡಿಸೆಂಬರ್ 17, ಮಂಗಳವಾರ

ಚರ್ಚಿನಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಬೆಳಗಿನ ಜಾವದ ಪೂಜೆಗೆ ಹೋಗಿ ಬಂದು ಜಗುಲಿಯಲ್ಲಿ ಕೂತಿದ್ದೆವು. ಬಿಸಿ ಬಿಬಿಂಕಾ ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದಳು ಲುದಿಂಗ್. ಬೀದಿಯ ನಕ್ಷತ್ರದ ದೀಪಗಳು ಇನ್ನೂ ಉರಿಯುತ್ತಿದ್ದವು.

ಮುಂದಿನ ಸೆಮಿಸ್ಟರ್‌ಗೆ ಮೈಕು ಕೊಡುತ್ತೇನೆ ಎಂದಿದ್ದಾನೆ ಡೀನ್. ಬೇಡವೆಂದೆ. ನನಗಿಂತ ವಿದ್ಯಾರ್ಥಿಗಳೇ ಹೆಚ್ಚು ಮಾತಾಡುವ ತರಗತಿ, ನನಗೇಕೆ ಮೈಕು? ಹೊಸ ಕಾರ್ಡುಗಳು ಬಂದಿವೆ. ಕೆಂಪು ಪೆನ್ನು ಕೊನೆಗೂ ಸಿಗಲೇ ಇಲ್ಲ, ಹೊಸದನ್ನು ಕೊಂಡುಕೊಳ್ಳಲು ಮರೆಯುತ್ತಲೇ ಇದ್ದೇನೆ.

ಗೇಟಿನ ಹತ್ತಿರ ಯಾರೋ ನಿಂತಂತಾಯಿತು. ರೊಸೆಲ್. ಕೈಯಲ್ಲಿ ಫ್ಲಾಸ್ಕ್. ಫಲಿತಾಂಶ ಹೊರಬಿದ್ದು ದಿನಗಳಾಗಿವೆ. ಅವಳಿಗೆ ನನ್ನಿಂದ ಆಗಬೇಕಾದದ್ದು ಏನೂ ಉಳಿದಿಲ್ಲ. ಗೇಟು ಮುಟ್ಟಲಿಲ್ಲ, ಕರೆಯಲೂ ಇಲ್ಲ, ಸುಮ್ಮನೆ ನಿಂತಿದ್ದಳು.

"ನಿನ್ನ ಹುಡುಗಿ ಬಂದಿದಾಳೆ ನೋಡು" ಎಂದಳು ಲುದಿಂಗ್. ಆಮೇಲೆ ನನ್ನ ಮುಖ ನೋಡುತ್ತ, ಇಷ್ಟು ವರ್ಷದಲ್ಲಿ ಕೇಳಿ ಕೇಳಿ ಸೋತು ಬಿಟ್ಟುಬಿಟ್ಟಿದ್ದ ಮಾತನ್ನು ಕೇಳಿದಳು. "ಒಳಗೆ ಕರೀಲಾ?"

ನಾನು ಬಾಯೇ ಬಿಡಲಿಲ್ಲ. ಮಾನಾಂಗ್ ಎದ್ದು ಗೇಟು ತೆಗೆಯಲು ಹೋದಳು.